ಸ್ಟೇಷನ್ನಿಂದ ಮನೆಗೆ: ಪುಟ್ಟ ಬ್ಯಾಟರಿ ಗಾಡಿಗಳ ಕತೆ



ಈ ಸಲ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ರೈಲು ಇಳಿದ ಮೇಲೆ ನೀವು ಮನೆಗೆ ಹೇಗೆ ಹೋಗುತ್ತೀರಿ? ನೂರಾರು ಮೈಲಿ ದೂರವನ್ನು ರೈಲು ರಾತ್ರಿ ಬೆಳಗಾಗುವುದರಲ್ಲಿ ದಾಟಿಸಿಬಿಡುತ್ತದೆ. ಆಮೇಲಿನ ಐದಾರು ಮೈಲಿಗೇ ಆಟೋದವರ ಹತ್ತಿರ ಚೌಕಾಸಿ, ಬಸ್ಸಿಗೆ ಕಾಯುವಿಕೆ, ಬೆನ್ನ ಮೇಲೊಂದು ಚೀಲ! ನಗರ ಸಾರಿಗೆಯ ಕಷ್ಟವೆಲ್ಲ ಇರುವುದು ಈ ಕೊನೆಯ ತುಂಡಿನಲ್ಲಿ. ಪುಟ್ಟ ಬ್ಯಾಟರಿ ಗಾಡಿಗಳ ಭವಿಷ್ಯದ ಬಗ್ಗೆ ಎಲ್ಲರೂ ಮಾತಾಡುತ್ತಿರುವ ಈ ಹೊತ್ತಿನಲ್ಲಿ ಈ ತುಂಡಿನ ಇತಿಹಾಸವನ್ನೊಮ್ಮೆ ತಿರುವಿ ನೋಡುವುದು ಒಳ್ಳೆಯದು.

ನಾಸಿಕ್‌ನ ಕತೆ ಕೇಳಿ. ಅಲ್ಲಿ ನಾಸಿಕ್ ರೋಡ್ ರೈಲ್ವೆ ಸ್ಟೇಷನ್ ಒಂದು ಕಡೆ, ಹಳೆಯ ಊರು ಎಂಟು-ಹತ್ತು ಕಿಲೋಮೀಟರ್ ಆಚೆ. ಗೋದಾವರಿಯಲ್ಲಿ ಮೀಯಲು, ಪಂಚವಟಿ ನೋಡಲು ಬಂದ ಯಾತ್ರಿಕರು ಸ್ಟೇಷನ್ನಿನಲ್ಲಿಳಿದು ಕಣ್ಣು ಕಣ್ಣು ಬಿಡಬೇಕಾಗಿತ್ತು. ಅದಕ್ಕೆಂದೇ 1889ರಲ್ಲಿ ಅಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು. ಸ್ಟೇಷನ್ನಿಂದ ಊರೊಳಗಿನ ಪುರಸಭೆಯ ತನಕ ಸಣ್ಣ ಹಳಿ, ಅದರ ಮೇಲೆ ಡಬ್ಬಿ, ಮುಂದೆ ಕುದುರೆ. ನಾಲ್ಕು ದಶಕ ಓಡಿದ ಈ ಟ್ರಾಮ್ 1930ರ ದಶಕದ ಆರಂಭದಲ್ಲಿ ನಷ್ಟದಿಂದ ನಿಂತುಹೋಯಿತು. ಆ ಜಾಗಕ್ಕೆ ಟಾಂಗಾ ಇತ್ತು, ಆಮೇಲೆ ಆಟೋ ಬಂತು.

ಹಾಗಾದರೆ ವಿದ್ಯುತ್ ಸಾರಿಗೆ ನಮ್ಮ ನಗರಗಳಿಗೆ ಹೊಸದೇ? ಖಂಡಿತಾ ಅಲ್ಲ. ಮುಂಬಯಿಯಲ್ಲಿ 1907ರಿಂದ 1964ರವರೆಗೆ ವಿದ್ಯುತ್ ಟ್ರಾಮ್ ಓಡುತ್ತಿತ್ತು. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿನ ಬೀದಿಗಳಿಗೆ ದೀಪ ಹಚ್ಚಿತ್ತು. ಕರೆಂಟು ಇತ್ತು, ಮೋಟಾರೂ ಇತ್ತು. ಇಲ್ಲದೇ ಇದ್ದದ್ದು ಕರೆಂಟನ್ನು ಬಗಲಲ್ಲಿಟ್ಟುಕೊಂಡು ಓಡುವ ದಾರಿ. ತಂತಿ ಬಿಟ್ಟು ಹೊರಟ ಕೂಡಲೇ ಗಾಡಿಗೆ ಬ್ಯಾಟರಿ ಬೇಕು. ಆ ಕಾಲದ ಬ್ಯಾಟರಿಯೋ, ಭಾರಕ್ಕೆ ಭಾರ, ದುಬಾರಿಗೆ ದುಬಾರಿ.

ಪೆಟ್ರೋಲು ಕಟ್ಟಿದ ಊರುಗಳು

ಈ ಖಾಲಿ ಜಾಗವನ್ನು ಪೆಟ್ರೋಲು ತುಂಬಿತು. ಬಜಾಜ್ ಕಂಪನಿಗೆ ದ್ವಿಚಕ್ರ, ತ್ರಿಚಕ್ರ ವಾಹನ ತಯಾರಿಸುವ ಲೈಸೆನ್ಸ್ ಸಿಕ್ಕಿದ್ದು 1959ರಲ್ಲಿ. ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿ! 1985ರಲ್ಲಿ ಬಜಾಜ್ ತನ್ನ ಹೊಸ ಕಾರ್ಖಾನೆಯನ್ನು ಔರಂಗಾಬಾದ್ ಪಕ್ಕದ ವಾಳೂಜ್‌ನಲ್ಲಿ ತೆರೆಯಿತು. ಎಲ್ಲೋರದ ಕೈಲಾಸ ಕೆತ್ತಿಸಿದ ರಾಷ್ಟ್ರಕೂಟ ಕೃಷ್ಣನಿಂದಾಗಿ, ದೇವಗಿರಿಯ ಸೇವುಣರಿಂದಾಗಿ ಕನ್ನಡಿಗರಿಗೆ ಹಳೆಯ ಪರಿಚಯದ ಸೀಮೆ ಅದು. 2023ರಿಂದ ಅದರ ಅಧಿಕೃತ ಹೆಸರು ಛತ್ರಪತಿ ಸಂಭಾಜಿನಗರ. ಒಂದು ದೊಡ್ಡ ಕಾರ್ಖಾನೆ ಬಂದರೆ ಸುತ್ತ ನೂರು ಸಣ್ಣ ಶೆಡ್ಡು ಏಳುತ್ತವೆ. ವಾಳೂಜ್‌ನಲ್ಲೂ ಹಾಗೇ ಆಯಿತು. ಎಂಡ್ಯೂರೆನ್ಸ್, ವ್ಯಾರಾಕ್‌ನಂಥ ಬಿಡಿಭಾಗದ ಕಂಪನಿಗಳು ಅಲ್ಲೇ ಬೆಳೆದು ದೊಡ್ಡವಾದವು. ಬರಗಾಲದ ಮರಾಠವಾಡಕ್ಕೆ ಸ್ಕೂಟರು, ಬೈಕು, ಆಟೋಗಳು ಅನ್ನ ಕೊಟ್ಟವು.

ನಾಸಿಕ್‌ಗೂ ಬೆಂಗಳೂರಿಗೂ ಇನ್ನೊಂದು ನಂಟಿದೆ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರು ಆಡುಗೋಡಿಯ ಮೈಕೊ ಕಂಪನಿ ನೆನಪಿದೆಯೇ? ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳಿಗೆ ಹೆಸರಾದ ಅದು ಆಮೇಲೆ ನಾಸಿಕ್‌ನಲ್ಲೂ ಕಾರ್ಖಾನೆ ತೆರೆದು, ಡೀಸೆಲ್ ಇಂಜಿನ್ನಿಗೆ ಎಣ್ಣೆ ಚಿಮ್ಮಿಸುವ ನಾಜಲ್, ಇಂಜೆಕ್ಟರುಗಳನ್ನು ಅಲ್ಲಿ ಮಾಡತೊಡಗಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಆದರೂ ಬೆಂಗಳೂರಿನಲ್ಲಿ ಮೈಕೊ ಲೇಔಟ್ ಇದೆ, ನಾಸಿಕ್‌ನಲ್ಲಿ ಮೈಕೊ ಸರ್ಕಲ್ ಇದೆ. ಎರಡೂ ಊರುಗಳಲ್ಲಿ ಎಷ್ಟೋ ಸಂಸಾರಗಳು ಸೈಟು ಕೊಂಡದ್ದು, ಮಕ್ಕಳನ್ನು ಓದಿಸಿದ್ದು ಆ ಸಣ್ಣ ಲೋಹದ ತುಂಡುಗಳಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೇವಾ ಬಂತು ನೋಡಿ

ಬ್ಯಾಟರಿ ಗಾಡಿಯ ಪ್ರಯತ್ನಗಳು ಅಲ್ಲೊಂದು ಇಲ್ಲೊಂದು ನಡೆದೇ ಇದ್ದವು. 1993ರ ದೆಹಲಿ ಆಟೋ ಪ್ರದರ್ಶನದಲ್ಲಿ ಲವ್‌ಬರ್ಡ್ ಎಂಬ ಇಬ್ಬರು ಕೂರುವ ಕಾರು ಕಾಣಿಸಿಕೊಂಡಿತ್ತು. ಕೇರಳದ ಚಾಲಕುಡಿಯಲ್ಲೂ ಕೊಯಮತ್ತೂರಿನಲ್ಲೂ ಅದರ ತಯಾರಿ. ಮಹೀಂದ್ರಾ 1999ರಲ್ಲಿ ಬಿಜಲಿ ಎಂಬ ತ್ರಿಚಕ್ರ ವಾಹನ ತಂದು 2004ರಲ್ಲಿ ನಿಲ್ಲಿಸಿತು. ಜನರ ನಾಲಿಗೆಯ ಮೇಲೆ ಉಳಿದ ಹೆಸರು ಮಾತ್ರ ಬೆಂಗಳೂರಿನ ರೇವಾ.

ಚೇತನ್ ಮೈನಿ ಬೆಂಗಳೂರಿನ ಹುಡುಗ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1990ರಲ್ಲಿ ಅಲ್ಲಿನ ಸೌರ ಕಾರು ಸ್ಪರ್ಧೆ ಗೆದ್ದ ಸನ್‌ರನ್ನರ್ ತಂಡದಲ್ಲಿದ್ದರು. ಮುಂದೆ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಸೇರಿ ರೇವಾ ಕಂಪನಿ ಕಟ್ಟಿದವು. ಕಾರು ರಸ್ತೆಗಿಳಿದದ್ದು 2001ರಲ್ಲಿ, ಬೊಮ್ಮಸಂದ್ರದ ಕಾರ್ಖಾನೆಯಿಂದ. ಅಂದಹಾಗೆ, ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ ಬೆಂಗಳೂರಿನಲ್ಲಿ ಶುರುವಾದದ್ದೂ ಅದೇ ವರ್ಷ. ರೇಡಿಯೋ ಮಂದಿ ನಾವು, ಈ ಕಾಕತಾಳೀಯವನ್ನು ಹೇಗೆ ಬಿಡುವುದು!

ಕಾರಿನ ಉದ್ದ ಎರಡೂಮುಕ್ಕಾಲು ಮೀಟರಿಗೂ ಕಡಿಮೆ. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಗೇರಿಲ್ಲ, ಕ್ಲಚ್ಚಿಲ್ಲ, ಸದ್ದಿಲ್ಲ. ಮುಂದಿನ ಸೀಟಿನ ಕೆಳಗೆ ಎಂಟು ಲೆಡ್ ಆಸಿಡ್ ಬ್ಯಾಟರಿ. ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್ ಎಂದು ಕಂಪನಿಯ ಮಾತು. ಪೂರ್ತಿ ತುಂಬಲು ಎಂಟು ತಾಸು. ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯಲ್ಲಿ ಒಂದಿಷ್ಟನ್ನು ಮೋಟಾರೇ ಮತ್ತೆ ಬ್ಯಾಟರಿಗೆ ತುಂಬುವ ಉಪಾಯವೂ ಅದರಲ್ಲಿತ್ತು. ಸಿಗ್ನಲ್ಲಿಗೊಮ್ಮೆ ನಿಲ್ಲುವ ನಮ್ಮ ಊರುಗಳಿಗೆ ಇದು ಹೇಳಿ ಮಾಡಿಸಿದ್ದು.

ಮತ್ತೆ ಯಾಕೆ ಓಡಲಿಲ್ಲ? ಮಾರುತಿ 800ಕ್ಕಿಂತ ಬೆಲೆ ಹೆಚ್ಚು, ಜಾಗ ಕಡಿಮೆ. ಎರಡು-ಮೂರು ವರ್ಷಕ್ಕೊಮ್ಮೆ ಬ್ಯಾಟರಿಗಳನ್ನೇ ಬದಲಿಸಬೇಕು. ಕೊಂಡವರು ಬಹುಪಾಲು ಮನೆಯಲ್ಲಿ ಇನ್ನೊಂದು ಕಾರಿದ್ದವರು. ದಿನಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸುವವರು. ಅಷ್ಟು ಕಡಿಮೆ ಓಡಿದರೆ ಪೆಟ್ರೋಲಿನಲ್ಲಿ ಉಳಿಯುವ ಕಾಸು ಬ್ಯಾಟರಿಯ ಖರ್ಚನ್ನು ಯಾವತ್ತೂ ಮುಟ್ಟುವುದಿಲ್ಲ. ರೇವಾದ ಪೂರ್ತಿ ಕತೆ ಈ ಒಂದು ಲೆಕ್ಕದಲ್ಲಿದೆ.

ಊರಲ್ಲಿ ಸಿಗದ ಮರ್ಯಾದೆ ಲಂಡನ್ನಿನಲ್ಲಿ ಸಿಕ್ಕಿತು. ಅಲ್ಲಿ 2003ರಲ್ಲಿ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕಿದರು. ವಿದ್ಯುತ್ ಗಾಡಿಗೆ ವಿನಾಯಿತಿ. 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ಬೊಮ್ಮಸಂದ್ರದ ಕಾರುಗಳು ಲಂಡನ್ನಿನ ಬೀದಿಗಳಲ್ಲಿ ಓಡಾಡತೊಡಗಿದವು. ಅಲ್ಲಿ ಲೆಕ್ಕ ಕೂಡಿತು, ಏಕೆಂದರೆ ಉಳಿತಾಯ ಪೆಟ್ರೋಲಿನದಷ್ಟೇ ಅಲ್ಲ, ದಿನದಿನದ ಶುಲ್ಕದ್ದೂ ಹೌದು. ಆದರೆ ಕಾನೂನಿನ ಪ್ರಕಾರ ಅದು ಕಾರಲ್ಲ, ನಾಲ್ಕು ಚಕ್ರದ ಹಗುರ ಗಾಡಿ. ಕಾರಿಗೆ ಬೇಕಾದ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಒಂದು ವಾಹನ ಪತ್ರಿಕೆ ಡಿಕ್ಕಿ ಮಾಡಿಸಿ ನೋಡಿದಾಗ ಬಂದ ಫಲಿತಾಂಶ ಭಯ ಹುಟ್ಟಿಸುವಂತಿತ್ತು. ಕಂಪನಿ ಮುಂದಿನ ಮಾದರಿಗಳನ್ನು ಸುಧಾರಿಸಿತು, 2009ರಲ್ಲಿ ಲಿಥಿಯಂ ಬ್ಯಾಟರಿಯನ್ನೂ ತಂದಿತು. ಚಿಕ್ಕ ಗಾಡಿಯೆಂದರೆ ಸುರಕ್ಷತೆಯೂ ಚಿಕ್ಕದಾಗಿರಬೇಕೇ ಎಂಬ ಪ್ರಶ್ನೆ ಮಾತ್ರ ಅಲ್ಲಿಂದ ಇಲ್ಲಿಯವರೆಗೂ ಬೆನ್ನು ಬಿಟ್ಟಿಲ್ಲ.

ನಾಸಿಕ್ ದೇಹ, ಬೆಂಗಳೂರು ಹೃದಯ

2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲು ಕೊಂಡಿತು. 2013ರಲ್ಲಿ ಇ2ಒ ಎಂಬ ಹೊಸ ಪುಟ್ಟ ಕಾರು ಬಂತು. ದೆಹಲಿಯಲ್ಲಿ ಬೆಲೆ ಸುಮಾರು ಆರು ಲಕ್ಷ. ಆರು ಲಕ್ಷ ಕೊಡುವವನು ದೊಡ್ಡ ಕಾರನ್ನೇ ಕೇಳುತ್ತಾನಲ್ಲವೇ? ಅದೂ ನಡೆಯಲಿಲ್ಲ. ನಡುವೆ ಒಂದು ಸ್ವಾರಸ್ಯದ ಕೂಡಿಕೆ ನಡೆಯಿತು. ಮಹೀಂದ್ರಾ ಫ್ರಾನ್ಸಿನ ರೆನೋ ಜೊತೆ ಸೇರಿ 2007ರಿಂದ ನಾಸಿಕ್‌ನಲ್ಲಿ ಲೋಗನ್ ಕಾರು ಮಾಡುತ್ತಿತ್ತು. ಆಮೇಲೆ ಅದೇ ವೆರಿಟೊ ಆಯಿತು. ಈ ನಾಸಿಕ್ ಕಾರಿನ ದೇಹಕ್ಕೆ ಬೆಂಗಳೂರಿನ ರೇವಾ ಬಳಗದ ವಿದ್ಯುತ್ ಹೃದಯ ಜೋಡಿಸಿ 2016ರಲ್ಲಿ ಇ-ವೆರಿಟೊ ತಂದರು. ಮರುವರ್ಷ ಕೇಂದ್ರ ಸರ್ಕಾರದ ಕಚೇರಿಗಳಿಗೆಂದು ವಿದ್ಯುತ್ ಕಾರುಗಳ ದೊಡ್ಡ ಟೆಂಡರ್ ಕರೆದಾಗ ಇದೂ ಅದರಲ್ಲಿ ಸೇರಿತು. ಕಚೇರಿಗಳಿಗೆ ಹೋಯಿತೇ ಹೊರತು ಮನೆಗಳಿಗೆ ಬರಲಿಲ್ಲ.

ಇತ್ತ ಬೀದಿಯಲ್ಲಿ ಬೇರೆಯೇ ನಾಟಕ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವಾಟ್ ಒಳಗಿನ ಬ್ಯಾಟರಿ ಸ್ಕೂಟರಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ ಎಂಬ ನಿಯಮವಿದೆ. ಈ ಸಂದಿನಲ್ಲಿ ಎಷ್ಟೋ ನಿಧಾನದ ಸ್ಕೂಟರುಗಳು ಬಂದವು. 2010ರ ಕೊನೆಗೆ ಸರ್ಕಾರ ಸಹಾಯಧನ ಕೊಟ್ಟಿತು, ಮಾರಾಟ ಏರಿತು. 2012ರ ಮಾರ್ಚಿಗೆ ಸಹಾಯಧನ ನಿಂತಿತು, ಮಾರಾಟ ಕುಸಿಯಿತು, ಅಂಗಡಿಗಳು ಬಾಗಿಲು ಹಾಕಿದವು. ದೆಹಲಿಯಲ್ಲಿ ಯಾವ ಕಾನೂನಿನ ಚೌಕಟ್ಟಿಗೂ ಸೇರದ ಇ-ರಿಕ್ಷಾಗಳು ಮೆಟ್ರೋ ಸ್ಟೇಷನ್ನುಗಳ ಮುಂದೆ ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿಕೊಂಡವು. 2014ರಲ್ಲಿ ಅಲ್ಲಿನ ಹೈಕೋರ್ಟು ತಡೆಯಿತು, 2015ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಜಾಗ ಮಾಡಿಕೊಟ್ಟರು. ಯಾರೂ ಜಾಹೀರಾತು ಕೊಟ್ಟು ಕರೆಯದಿದ್ದರೂ ಬಂದ ಗಾಡಿ ಅದು. ಯಾಕೆ ಬಂತು ಗೊತ್ತೇ? ನಾಸಿಕ್‌ನ ಕುದುರೆ ಟ್ರಾಮ್ ಬಂದ ಕಾರಣಕ್ಕೇ: ಸ್ಟೇಷನ್ನಿಗೂ ಮನೆಗೂ ನಡುವಿನ ಆ ತುಂಡು ದಾರಿ.

ಓಡಿದಷ್ಟೂ ಲಾಭ

ಈಗ ಒಂದು ಕಾಗದ ಪೆನ್ನು ತೆಗೆದುಕೊಳ್ಳಿ. ಪೆಟ್ರೋಲ್ ಸ್ಕೂಟರು ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ, ಪೆಟ್ರೋಲಿಗೆ ನೂರು ರೂಪಾಯಿ ಅಂತ ಹಿಡಿಯಿರಿ. ಕಿಲೋಮೀಟರಿಗೆ ಎರಡು ರೂಪಾಯಿ ಇಪ್ಪತ್ತು ಪೈಸೆ ಆಯಿತು. ಬ್ಯಾಟರಿ ಸ್ಕೂಟರು ನೂರು ಕಿಲೋಮೀಟರಿಗೆ ಸುಮಾರು ಮೂರು ಯೂನಿಟ್ ಕರೆಂಟು ಕುಡಿಯುತ್ತದೆ. ಯೂನಿಟ್ಟಿಗೆ ಏಳು ರೂಪಾಯಿ ಎಂದರೂ ಕಿಲೋಮೀಟರಿಗೆ ಇಪ್ಪತ್ತು ಪೈಸೆ ಚಿಲ್ಲರೆ. ಉಳಿದದ್ದು ಎರಡು ರೂಪಾಯಿ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವ ನಿಮಗೆ ಇಪ್ಪತ್ತು ರೂಪಾಯಿ ಉಳಿತಾಯ, ಒಂದು ಕಾಫಿಯ ದುಡ್ಡು. ದಿನಕ್ಕೆ ನೂರು ಕಿಲೋಮೀಟರ್ ಸುತ್ತಿ ಊಟದ ಪೊಟ್ಟಣ ತಲುಪಿಸುವ ಹುಡುಗನಿಗೆ ಇನ್ನೂರು ರೂಪಾಯಿ, ಅಂದರೆ ತಿಂಗಳಿಗೆ ಮನೆ ಬಾಡಿಗೆ. ಆಟೋ ಚಾಲಕನಿಗೂ ಹಾಗೇ.

ರೇವಾಕ್ಕೆ ಕೂಡದ ಲೆಕ್ಕ ಇಲ್ಲಿ ಕೂಡುತ್ತದೆ. ಬ್ಯಾಟರಿ ಗಾಡಿಯ ಖರ್ಚು ಮೊದಲೇ ಹೆಚ್ಚು, ಆಮೇಲೆ ಕಡಿಮೆ. ಹಾಗಾಗಿ ಹೆಚ್ಚು ಓಡುವವನಿಗೇ ಅದು ಒದಗುವುದು. ಶೋಕಿಗೆ ಕೊಳ್ಳುವವನಿಗಿಂತ ಹೊಟ್ಟೆಪಾಡಿಗೆ ಕೊಳ್ಳುವವನ ಗಾಡಿ ಇದು.

ಲಿಥಿಯಂ ಬ್ಯಾಟರಿಯ ಬೆಲೆ ಇಳಿಯುತ್ತ ಬಂದಂತೆ ಇದು ಕಣ್ಣಿಗೆ ಕಾಣತೊಡಗಿತು. ಕರ್ನಾಟಕ 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದಿತು. 2018ರಲ್ಲಿ ಬೆಸ್ಕಾಂ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. ಅದೇ ವರ್ಷ, ಮದರಾಸಿನ ಐಐಟಿಯಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್ ಕಂಪನಿ ಬೆಂಗಳೂರಿನಲ್ಲಿ ತನ್ನ ಮೊದಲ ಸ್ಕೂಟರು ಬಿಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಮಹೀಂದ್ರಾ ಬೆಂಗಳೂರಿನಲ್ಲೇ ಟ್ರಿಯೊ ಎಂಬ ಲಿಥಿಯಂ ಆಟೋ ತಂದಿತು. ರೇವಾ ಬಳಗದ ವಿದ್ಯೆ ಕಾರಿನಲ್ಲಿ ಸೋತು ಆಟೋದಲ್ಲಿ ಗೆದ್ದಿತು ಅನ್ನಿ! ಚೇತನ್ ಮೈನಿ ಕೂಡ 2017ರಲ್ಲಿ ಸನ್ ಮೊಬಿಲಿಟಿ ಶುರು ಮಾಡಿದಾಗ ಹಿಡಿದದ್ದು ಕಾರನ್ನಲ್ಲ, ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಒಯ್ಯುವ ವ್ಯವಸ್ಥೆಯನ್ನು.

ಸ್ಕೂಟರೇ ಬೇಡ ಎಂದು 2009ರ ಕೊನೆಗೆ ಘೋಷಿಸಿದ್ದ ಬಜಾಜ್, 2020ರ ಆರಂಭದಲ್ಲಿ ಚೇತಕ್ ಹೆಸರಿಗೆ ಮರುಜೀವ ಕೊಟ್ಟಿತು, ಈ ಸಲ ಬ್ಯಾಟರಿಯಲ್ಲಿ. 2023ರಲ್ಲಿ ಅದರ ವಿದ್ಯುತ್ ಆಟೋ ವಾಳೂಜ್ ಕಾರ್ಖಾನೆಯಿಂದಲೇ ಹೊರಬಂತು. ಅದೇ ವರ್ಷ ದೇಶದಲ್ಲಿ ಮಾರಾಟವಾದ ವಿದ್ಯುತ್ ತ್ರಿಚಕ್ರಗಳು 5.8 ಲಕ್ಷಕ್ಕೂ ಹೆಚ್ಚು. ಚೀನಾವನ್ನೂ ಹಿಂದಿಕ್ಕಿ ಭಾರತ ಈ ಗಾಡಿಗಳ ಅತಿ ದೊಡ್ಡ ಮಾರುಕಟ್ಟೆಯಾಯಿತು ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಕೊಟ್ಟಿತು. ವಿದ್ಯುತ್ ಕಾರುಗಳು ಆ ವರ್ಷ ಎಂಬತ್ತು ಸಾವಿರದ ಆಸುಪಾಸು. ಪುಟ್ಟ ಗಾಡಿ ಗೆದ್ದದ್ದು ಎಲ್ಲಿ ಅಂತ ಇನ್ನು ಬೇರೆ ಹೇಳಬೇಕೇ?

ಬೆಂಗಳೂರಿನಿಂದ ಬಿಡಕಿನ್‌ಗೆ

2024ರ ಜೂನ್‌ನಲ್ಲಿ ಬೆಂಗಳೂರಿನ ಏಥರ್ ತನ್ನ ಮುಂದಿನ ಕಾರ್ಖಾನೆ ಛತ್ರಪತಿ ಸಂಭಾಜಿನಗರದಲ್ಲಿ ಎಂದು ಘೋಷಿಸಿತು. ಪೈಠಣ ರಸ್ತೆಯ ಬಿಡಕಿನ್ ಬಳಿ, ದೆಹಲಿ-ಮುಂಬಯಿ ಕೈಗಾರಿಕಾ ಕಾರಿಡಾರಿನ ಭಾಗವಾಗಿ ಎದ್ದ ಆರಿಕ್ ಕೈಗಾರಿಕಾ ನಗರದಲ್ಲಿ. ಸುಮಾರು 2,000 ಕೋಟಿ ರೂಪಾಯಿ ಹೂಡಿಕೆ, ವರ್ಷಕ್ಕೆ ಹತ್ತು ಲಕ್ಷ ಸ್ಕೂಟರಿನ ಗುರಿ. ಮರುತಿಂಗಳು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕೂಡ ಅದೇ ಊರಿಗೆಂದು ಮಹಾರಾಷ್ಟ್ರ ಸರ್ಕಾರದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ನಮ್ಮೂರ ಕಂಪನಿ ಪಕ್ಕದ ರಾಜ್ಯಕ್ಕೆ ಹೋಯಿತಲ್ಲ ಎಂದು ಆಗ ಬೇಸರ ಪಟ್ಟವರು ಬಹಳ. ಆದರೆ ಯೋಚಿಸಿ ನೋಡಿ: ನಾಲ್ಕು ದಶಕ ಸ್ಕೂಟರಿನ ಬಿಡಿಭಾಗ ಮಾಡಿ ಪಳಗಿದ ಕೈಗಳು ಅಲ್ಲಿವೆ. ಕಾರ್ಖಾನೆ ಹೋಗುವುದು ಕೈಗಳಿರುವ ಕಡೆಗೆ.

ಈಗ ಮೈಕೊದ ನೆನಪಿಗೆ ಬನ್ನಿ. ಬ್ಯಾಟರಿ ಗಾಡಿಗೆ ಸ್ಪಾರ್ಕ್ ಪ್ಲಗ್ ಬೇಡ, ನಾಜಲ್ ಬೇಡ, ಪಿಸ್ಟನ್ ಬೇಡ, ಸೈಲೆನ್ಸರ್ ಬೇಡ, ಇಂಜಿನ್ ಆಯಿಲ್ಲೂ ಬೇಡ. ಹಾಗಾದರೆ ಅದನ್ನೆಲ್ಲ ಮಾಡುತ್ತಿದ್ದವರು? ದೊಡ್ಡ ಕಂಪನಿಗಳು ದಾರಿ ಹುಡುಕಿಕೊಳ್ಳುತ್ತವೆ. ವಾಳೂಜ್‌ನ ಎಂಡ್ಯೂರೆನ್ಸ್ 2022ರಲ್ಲಿ ಮ್ಯಾಕ್ಸ್‌ವೆಲ್ ಎಂಬ, ಬ್ಯಾಟರಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ಮಾಡುವ ಕಂಪನಿಯಲ್ಲಿ ಹೆಚ್ಚಿನ ಪಾಲು ಕೊಂಡಿತು. ಇಪ್ಪತ್ತು ಜನರ ಶೆಡ್ಡಿನ ಮಾಲೀಕ ಏನು ಕೊಂಡಾನು? ನಲವತ್ತೈದು ವರ್ಷದ ಟರ್ನರ್ ಯಾವ ಶಾಲೆಗೆ ಹೋದಾನು? ರಸ್ತೆ ಬದಿಯ ಮೆಕ್ಯಾನಿಕ್ಕಿಗೆ ಕಾರ್ಬುರೇಟರ್ ಬಿಚ್ಚುವುದು ಬರುತ್ತದೆ, ಕಂಟ್ರೋಲರ್ ಬಿಚ್ಚುವುದನ್ನು ಯಾರು ಕಲಿಸಬೇಕು? 2010ರಲ್ಲಿ ಇದೇ ಊರಿನ ಉಳ್ಳವರು ಒಟ್ಟಾಗಿ 150 ಮರ್ಸಿಡಿಸ್ ಬೆಂಜ್ ಕೊಂಡು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿದ್ದರು. ಶೆಡ್ಡುಗಳ ಸುದ್ದಿ ಪತ್ರಿಕೆಗೆ ಬರುವುದಿಲ್ಲ. ಆದರೆ ವಿದ್ಯುತ್ ಗಾಡಿಯ ಭವಿಷ್ಯ ಅವರದ್ದೂ ಹೌದು. ಹೊಸ ಕಾರ್ಖಾನೆಗೆ ಭೂಮಿ, ರಿಯಾಯಿತಿ ಕೊಡುವ ಸರ್ಕಾರಗಳು, ನಾಸಿಕ್‌ನಲ್ಲಾಗಲಿ ಬೊಮ್ಮಸಂದ್ರದಲ್ಲಾಗಲಿ, ಹಳೆಯ ಕೈಗೆ ಹೊಸ ಕಸುಬು ಕಲಿಸಲು ಎಷ್ಟು ಕೊಡುತ್ತಿವೆ ಎಂದು ನಾವು ಕೇಳಲೇಬೇಕು.

ಚಾಲಕನ ಪ್ರಶ್ನೆಗಳು ಬೇರೆ. ಸಹಾಯಧನ ಏರುತ್ತದೆ, ಇಳಿಯುತ್ತದೆ. 2015ರಲ್ಲಿ ಫೇಮ್ ಯೋಜನೆ ಬಂತು, 2019ರಲ್ಲಿ ಅದರ ಎರಡನೇ ಕಂತು. 2023ರ ಜೂನ್‌ನಲ್ಲಿ ಸ್ಕೂಟರಿನ ಪಾಲು ಕತ್ತರಿಸಿದರು. 2024ರಲ್ಲಿ ಅದು ಮುಗಿದು ಪಿಎಂ ಇ-ಡ್ರೈವ್ ಬಂತು, ಇನ್ನೂ ಕಡಿಮೆ ದರದಲ್ಲಿ. 2012ರ ಪಾಠ ಬಲ್ಲವರು ಸಹಾಯಧನ ನಂಬಿ ಗಾಡಿ ಕೊಳ್ಳುವುದಿಲ್ಲ. ಸಾಲದ ಬಡ್ಡಿ ಎಷ್ಟು? ಸಾಲ ತೀರುವ ಮೊದಲೇ ಬ್ಯಾಟರಿ ತೀರಿದರೆ? ವಠಾರದಲ್ಲೋ ಚಾಳಿನಲ್ಲೋ ಇರುವವನು ರಾತ್ರಿ ವೈರು ಎಲ್ಲಿಂದ ಎಳೆಯಬೇಕು? 2022ರ ಬೇಸಿಗೆಯಲ್ಲಿ ಕೆಲವು ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಯಿತು. ಆದರೂ ಮೆಟ್ಟಿಲ ಕೆಳಗೆ, ಮನೆಯ ಹೊಸ್ತಿಲಲ್ಲಿ ಚಾರ್ಜಿಗಿಟ್ಟು ಮಲಗುವುದು ಇಂದಿಗೂ ಅಪಾಯವೇ.

ಕೊನೆಗೆ ನಿಮ್ಮ ಪಾಲಿನ ಕೆಲಸ. ಗಾಡಿ ಕೊಳ್ಳುವ ಮನಸ್ಸಿದ್ದರೆ ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂಬುದನ್ನು ಒಂದು ವಾರ ಬರೆದಿಡಿ. ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ಎಂದು ಕಾಗದದಲ್ಲೇ ನೋಡಿ. ಕೊಳ್ಳದವರಿಗೂ ಒಂದು ಕೆಲಸವಿದೆ. ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ ಗೇಟಿನ ಹೊರಗೊಂದು ಮೀಟರಿಟ್ಟ ಪ್ಲಗ್ ಹಾಕಿಸುವ ಮಾತು ಎತ್ತಿ. ನಿಮ್ಮ ಬೀದಿಯ ಆಟೋದವನು ದುಡ್ಡು ಕೊಟ್ಟು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗಾಡಿ ತುಂಬಿಸಿಕೊಳ್ಳಲಿ. ಅವನ ದಿನದ ಓಟ ಅಷ್ಟು ಹೆಚ್ಚುತ್ತದೆ, ನಿಮ್ಮ ಬೀದಿಯ ಹೊಗೆ ಅಷ್ಟು ಕಡಿಮೆಯಾಗುತ್ತದೆ.

ನಿಮ್ಮಲ್ಲಿ ಯಾರಾದರೂ ಬ್ಯಾಟರಿ ಆಟೋ ಓಡಿಸುತ್ತಿದ್ದರೆ, ಇಲ್ಲವೇ ವಾಳೂಜ್, ನಾಸಿಕ್, ಆಡುಗೋಡಿಯ ಶೆಡ್ಡುಗಳಲ್ಲಿ ದುಡಿದಿದ್ದರೆ ನಮಗೆ ಬರೆಯಿರಿ. ಕನ್ನಡದ ಹೊತ್ತಿನಲ್ಲಿ ನಿಮ್ಮ ಲೆಕ್ಕವನ್ನೂ ಎಲ್ಲರಿಗೂ ಓದಿ ಹೇಳೋಣ.